ಕಮಲಾಪುರದ ಬಡಗಿಗೆ ಒನ್ಸ್ ಮೋರ್

ಮೂವತ್ತಾರನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ಟಿಫಿನ್ ಡಬ್ಬಿ ಕಟ್ಟಿ, ಅತ್ತೆಯವರ ಮಡಿನೀರು ತುಂಬಿಟ್ಟು, ನಾನು ಎಂ.ಎ. ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೋರ್ಡುಗಳ ಮೇಲೆ ಊರಿನ ಹೆಸರು ಗುಲ್ಬರ್ಗಾ, ನಮ್ಮ ಬಾಯಲ್ಲಿ ಕಲಬುರಗಿ. ಕ್ಲಾಸಿನ ಹುಡುಗರು ಮೊದಲ ದಿನ ನನ್ನನ್ನು ‘ಆಂಟಿ’ ಎಂದು ಕರೆದರು. ಆಮೇಲೆ ಒಂದು ತಿಂಗಳು ಏನೆಂದೂ ಕರೆಯಲಿಲ್ಲ.

ನಾನು ಓದಿದ್ದು ಹೈದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಪ್ರೊಫೆಸರು ಒಳಗೆ ಬಂದ ಕೂಡಲೇ ಎದ್ದು ನಿಂತು ‘ಗುಡ್ ಮಾ...ರ್ನಿಂಗ್ ಸ...ರ್’ ಎಂದು ರಾಗ ಎಳೆಯುವುದು ನನ್ನ ಮೂಳೆಯಲ್ಲಿ ಕೂತಿತ್ತು. ದಿನವೂ ನಾನೊಬ್ಬಳೇ ಎಳೆಯುತ್ತಿದ್ದೆ, ದಿನವೂ ಹುಡುಗರು ಮುಸಿಮುಸಿ ನಗುತ್ತಿದ್ದರು. ಒಂದು ದಿನ ಕೊನೆಯ ಬೆಂಚಿನಿಂದ ಅದೇ ರಾಗ ಅದೇ ಶ್ರುತಿಯಲ್ಲಿ ಕೇಳಿಸಿತು. ತಿರುಗಿ ನೋಡಿದರೆ ಹೊಸ ಹುಡುಗಿ. ಕೀನ್ಯಾದಿಂದ ಸ್ಕಾಲರ್‌ಶಿಪ್ ಮೇಲೆ ಬಂದವಳು, ಇಪ್ಪತ್ಮೂರು ವರ್ಷದವಳು. ಅವಳಿಗೂ ಐರಿಶ್ ಸಿಸ್ಟರ್‌ಗಳೇ ಕಲಿಸಿದ್ದರಂತೆ. ಸಮುದ್ರದ ಆಚೆಗೂ ಈಚೆಗೂ ಒಂದೇ ಬೆತ್ತ! ಮರುದಿನ ಅವಳು ಪುಸ್ತಕ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು.

ಆ ಕಾಲಕ್ಕೆ ನನಗಿದ್ದ ಗೆಳತಿಯರೆಲ್ಲ ಗಂಡನ ಗೆಳೆಯರ ಹೆಂಡತಿಯರು. ಒಬ್ಬಳನ್ನೂ ನಾನಾಗಿ ಆರಿಸಿಕೊಂಡಿರಲಿಲ್ಲ. ಇವಳು ಮೊದಲನೆಯವಳು. ಅದಕ್ಕೇ ಆಮೇಲೆ ಆದದ್ದು ಅಷ್ಟು ಚುಚ್ಚಿತು.

ಅವಳ ಮೊದಲ ಸೆಮಿನಾರು ಪೂರ್ತಿ ಫ್ಲಾಪ್ ಆಯಿತು. ಲೈಬ್ರರಿಯ ಹಳೇ ಪುಸ್ತಕಗಳಿಂದ ಹೆಕ್ಕಿ ಬರೆದಿದ್ದಳು. ನಮ್ಮ ಪ್ರೊಫೆಸರು ಕಮಲಾಪುರದ ಕಡೆಯ ಒಕ್ಕಲುತನದ ಮನೆಯವರು, ಪಾಠಕ್ಕೆ ಇಂಗ್ಲಿಷ್, ಸಿಟ್ಟಿಗೆ ಕನ್ನಡ. ಅವಳ ಮೇಲಿನ ಸಿಟ್ಟನ್ನು ನನ್ನ ಕಡೆ ತಿರುಗಿಸಿದರು. “ಆಕಿಗಿ ಹೇಳ್ರಿ. ಸಾವಿರಾರು ಮೈಲಿ ದಾಟಿ ಬಂದು ಲೈಬ್ರರಿ ಒಳಗ ಧೂಳ ಕುಡಿಯೂದಾದ್ರ ಬಂದದ್ದಾದ್ರೂ ಯಾಕ? ಇಲ್ಲೀದೇ ಏನಾದ್ರೂ ನೋಡಿ ಬರೀ ಅನ್ರಿ.” ಎರಡನೆಯ ಸೆಮಿನಾರೂ ಹೋದರೆ ಸ್ಕಾಲರ್‌ಶಿಪ್ ನಿಂತು ಅವಳು ಊರಿಗೆ ವಾಪಸ್.

ಆಗ ಕಮಲಾಪುರದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತ್ತು. ಸಂತೆಯ ದಿನ ಮಧ್ಯಾಹ್ನವೂ ಒಂದು ಆಟ. “ನಿನಗೆ ಇಂಥ ನಾಟಕಗಳು ಗೊತ್ತಾ?” ಎಂದು ಅವಳು ಕೇಳಿದಳು. “ಆಫ್ ಕೋರ್ಸ್” ಎಂದೆ. ಜನ್ಮದಲ್ಲಿ ಒಂದನ್ನೂ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಕಂಪನಿ ನಾಟಕವೆಂದರೆ ಬೀಡಿ ಸೇದುವವರ ಬಾಬತ್ತು. ಅತ್ತೆಯವರಿಗೆ ‘ಯೂನಿವರ್ಸಿಟಿ ಕೆಲಸ’ ಎಂದು ಹೇಳಿ ಅವಳನ್ನು ಕರೆದುಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ. ಸುಳ್ಳೇನೂ ಅಲ್ಲ.

ತಗಡಿನ ಗೋಡೆ, ಮೇಲೆ ತಾಡಪತ್ರಿ, ಹೆಂಗಸರಿಗೆ ಬೇರೆ ಕಡೆ ಬೆಂಚು. ನಾವು ಕೂತ ಕೂಡಲೇ ಇಡೀ ಟೆಂಟು ಪರದೆ ಬಿಟ್ಟು ನಮ್ಮನ್ನು ನೋಡತೊಡಗಿತು. ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರಿ ಮುಗಿಸಿ ಬಂದಿದ್ದ ಒಬ್ಬ ಹೆಂಗಸು ನಮ್ಮ ಪಕ್ಕಕ್ಕೇ ಸರಿದಳು.

“ಯಾವೂರಾಕಿರೀ ಇಕಿ?”

“ಆಫ್ರಿಕಾದಾಕಿ.”

“ಅಯ್ಯ ಶಿವನ! ಅಷ್ಟ್ ದೂರಿಂದ ನಮ್ಮೂರ ನಾಟಕ ನೋಡಾಕ ಬಂದಾಳ? ತಗೋ ಯವ್ವಾ, ಹಣ್ಣ ತಿನ್ನು.” ಉಳಿದಿದ್ದ ಎರಡು ಹಣ್ಣನ್ನೂ ಅವಳ ಮಡಿಲಿಗೆ ಹಾಕಿಬಿಟ್ಟಳು. ನನಗೆ ಒಂದೂ ಇಲ್ಲ.

ಕಥೆ ಸರಳ. ಒಬ್ಬ ಮುದುಕ ಗೌಡ, ಅವನು ಹೊಸದಾಗಿ ಮಾಡಿಕೊಂಡ ಎಳೆಯ ಎರಡನೆಯ ಹೆಂಡತಿ, ಅವರ ಮನೆಯ ಬಾಯಿಬಡುಕ ಆಳು. ಆಳಿನ ಪಾತ್ರದವನೇ ಕಾಮಿಕ್. ಹೆಗಲ ಮೇಲಿನ ಟವೆಲ್ ಕೊಡವಿ ಮುಂದೆ ಬಂದು ಹೇಳಿದ:

“ಗೌಡ್ರ ಮಂಚ ಮಾಡಿದ ಬಡಿಗ ಭಾರಿ ಹುಷಾರ್ ಮನಷ್ಯಾ ನೋಡ್ರೀ! ಲಗ್ನಾಗಿ ವರ್ಷಾತು, ಇಲ್ಲೀತನಕ ಒಮ್ಮಿನೂ ಕಿರ್ ಅಂದಿಲ್ಲ!”

ಟೆಂಟು ಎದ್ದು ಕುಣಿಯಿತು. ಸೀಟಿ, ಕೇಕೆ. ಪಕ್ಕದ ಹೆಂಗಸು ನನ್ನ ತೊಡೆಗೇ ಬಾರಿಸಿ ನಕ್ಕಳು.

“ಏನಂದ? ಏನಂದ?” ಎಂದು ನನ್ನ ಗೆಳತಿ ಪೆನ್ ಹಿಡಿದು ಕೇಳಿದಳು.

ಕಿವಿಗೆ ಕೊಳಕು ಬಿದ್ದರೆ ಬೀಳಲಿಲ್ಲ ಎಂದುಕೊಳ್ಳಲು ಸಿಸ್ಟರ್‌ಗಳು ಕಲಿಸಿದ್ದರು, ಬಿದ್ದದ್ದನ್ನು ಇಂಗ್ಲಿಷಿಗೆ ಎತ್ತಿ ಕೊಡುವುದನ್ನು ಕಲಿಸಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಹೇಳಿದೆ: “ಊರಿನ ಬಡಗಿಯನ್ನು ಹೊಗಳುತ್ತಿದ್ದಾನೆ. ವೆರಿ ಫೈನ್ ಕ್ರಾಫ್ಟ್ಸ್‌ಮನ್‌ಶಿಪ್. ಮಂಚ ಬಹಳ ಗಟ್ಟಿಮುಟ್ಟಾಗಿದೆಯಂತೆ.”

ಅಷ್ಟರಲ್ಲಿ ಜನ ‘ಒನ್ಸ್ ಮೋರ್! ಒನ್ಸ್ ಮೋರ್!’ ಎಂದು ಹೊಯ್ಕೊಂಡರು. ಕಂಪನಿ ನಾಟಕದಲ್ಲಿ ಹಾಡಾಗಲಿ ಮಾತಾಗಲಿ ಮನಸ್ಸಿಗೆ ಬಂದರೆ ಹೀಗೆ ಕೂಗುವುದು ರೂಢಿ, ನಟ ಮತ್ತೆ ಹೇಳಲೇಬೇಕು. ಅವನು ಮೂರು ಸಲ ಹೇಳಿದ. ಆ ಟೆಂಟಿನಲ್ಲಿ ನನ್ನ ಗೆಳತಿಗೆ ತಾನಾಗಿ ಅರ್ಥವಾದ ಮಾತು ಆ ‘ಒನ್ಸ್ ಮೋರ್’ ಒಂದೇ. ಅದನ್ನು ಮೂರು ಗೆರೆ ಎಳೆದು ಬರೆದುಕೊಂಡಳು.

ಮುಂದಿನ ಎರಡು ತಾಸು ನಾನು ಒಗೆದು ಇಸ್ತ್ರಿ ಮಾಡಿದ ಮಾತುಗಳನ್ನೇ ಕೊಟ್ಟೆ. ಗೌಡನ ಸೊಂಟನೋವು ನನ್ನ ಬಾಯಲ್ಲಿ ವ್ಯವಸಾಯದ ಕಷ್ಟವಾಯಿತು. ಹಿತ್ತಿಲ ಬಾಗಿಲಿಗೆ ಬರುತ್ತಿದ್ದ ಹಾಲಿನವನು ಗ್ರಾಮೀಣ ಸಹಕಾರವಾದ. ಬಾಳೆಹಣ್ಣಿನವಳು ಕೊನೆಗೆ ನನ್ನ ಕಡೆ ವಾಲಿದಳು.

“ಬಾಯಾರ, ನೀವ್ ಆಕಿಗಿ ಏನ್ ಹೇಳಾಕತ್ತೀರಿ? ನಾವ್ ನಗಾಕತ್ತೀವಿ, ಆಕಿ ಬರ್ಯಾಕತ್ತಾಳ.”



ವಾಪಸು ಬಸ್ಸಿನಲ್ಲಿ ಹೇಳಿಬಿಡೋಣ ಎಂದುಕೊಂಡೆ. ಅವಳು ಕಿಟಕಿಯ ಕಡೆ ಮುಖ ಮಾಡಿ, “ನನ್ನ ಅಪ್ಪ ಬಡಗಿ” ಎಂದಳು. “ಇಡೀ ನಮ್ಮೂರಿನ ಬಾಗಿಲುಗಳನ್ನು ಮಾಡಿದ್ದು ಅವನೇ. ಒಬ್ಬನೂ ಅವನಿಗೆ ಚಪ್ಪಾಳೆ ತಟ್ಟಿಲ್ಲ. ಇಲ್ಲಿ ಮೂರು ಸಲ ಕೂಗಿ ಹೇಳಿಸಿದರು! ಇವತ್ತೇ ಅವನಿಗೆ ಕಾಗದ ಬರೆಯುತ್ತೇನೆ.” ನನ್ನ ಕೈ ಹಿಡಿದುಕೊಂಡು ಅದನ್ನು ಕಲಬುರಗಿಯವರೆಗೂ ಬಿಡಲಿಲ್ಲ. ಇಂದಿಗೂ ನೆನೆದರೆ ಆ ಅಂಗೈಯ ಬಿಸಿ ತಟ್ಟುತ್ತದೆ.

ಸೆಮಿನಾರಿನ ದಿನ ಕ್ಲಾಸು ಭರ್ತಿ. ಅವಳು ಇಸ್ತ್ರಿ ಮಾಡಿದ ಫ್ರಾಕಿನಲ್ಲಿ ಎದ್ದು ನಿಂತು ಓದಿದಳು. ಪೇಪರಿನ ಹೆಸರು ‘ದಿ ಡಿಗ್ನಿಟಿ ಆಫ್ ದಿ ಕಾರ್ಪೆಂಟರ್’. ಕಮಲಾಪುರದ ಜನ ಕುಶಲಕರ್ಮಿಗಳನ್ನು ಹೇಗೆ ಗೌರವಿಸುತ್ತಾರೆ, ಗಟ್ಟಿಮುಟ್ಟಾದ ಮಂಚವೊಂದಕ್ಕೆ ಹೇಗೆ ಕೇಕೆ ಹಾಕುತ್ತಾರೆ ಎಂದು ಓದುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಬೆಂಚಿನ ಕೆಳಗೆ ಹೋದ. ಅರ್ಧ ಕ್ಲಾಸು ಆ ನಾಟಕ ನೋಡಿ ಬಂದಿತ್ತು. ಮರುಕ್ಷಣ ಎಲ್ಲ ಒಟ್ಟಿಗೆ ಸಿಡಿದರು.

ಅವಳು ಓದು ನಿಲ್ಲಿಸಿದಳು. ಹುಡುಗರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಸುಮ್ಮನೆ ಕೂರಬಹುದಿತ್ತು. ಹುಡುಗರು ಮ್ಯಾನರ್ಸ್ ಇಲ್ಲದವರು ಎಂದು ಸಂಜೆ ಸಮಾಧಾನ ಹೇಳಬಹುದಿತ್ತು. ಎರಡನೆಯ ಸಾಲಿನಲ್ಲಿ ನನ್ನ ನಾದಿನಿಯ ಪಕ್ಕದ ಮನೆಯ ಹುಡುಗಿ ಬೇರೆ ಇದ್ದಳು. ನಾನು ಬಾಯಿ ಬಿಟ್ಟರೆ ದೀಪ ಹಚ್ಚುವುದರೊಳಗೆ ಸುದ್ದಿ ನಮ್ಮ ಅಡುಗೆಮನೆಯಲ್ಲಿ. ಆದರೆ ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಎದ್ದು ನಿಂತೆ.

“ಸರ್, ತಪ್ಪು ಆಕೀದಲ್ಲ. ಟ್ರಾನ್ಸ್‌ಲೇಷನ್ ನಂದು.”

ಪ್ರೊಫೆಸರು ಕನ್ನಡಕ ತೆಗೆದರು. “ಹಂಗಾದ್ರ ಖರೇ ಟ್ರಾನ್ಸ್‌ಲೇಷನ್ ಏನ್ರೀ?”

“ಇಲ್ಲೇ ಹೇಳಬೇಕೇನ್ರಿ ಸರ್?”

“ಮತ್ತೆ? ಚಾದಂಗಡ್ಯಾಗ ಹೇಳ್ತೀರೇನು?”

ಹೇಳಿದೆ. ಸಿಸ್ಟರ್‌ಗಳು ಕೊಟ್ಟ ಶುದ್ಧ ಉಚ್ಚಾರದಲ್ಲಿ, ಅವಳ ಕಡೆ ಮುಖ ಮಾಡಿ. “ದಿ ಕಾಟ್ ಹ್ಯಾಸ್ ನಾಟ್ ಕ್ರೀಕ್ಡ್. ನಾಟ್ ಒನ್ಸ್. ಇನ್ ಎ ಇಯರ್.” ಅವಳಿಗೆ ಇನ್ನೂ ಹೊಳೆಯಲಿಲ್ಲ. ಯಾಕೆ ಕ್ರೀಕ್ ಆಗಬೇಕಿತ್ತು ಎಂಬುದನ್ನೂ ವಿವರಿಸಬೇಕಾಯಿತು. ಇಬ್ಬರು ಮಕ್ಕಳ ತಾಯಿ, ಮೂವತ್ತು ಹುಡುಗರ ಮುಂದೆ. ಬೆಂಚಿನ ಕೆಳಗಿದ್ದವನು ಅಲ್ಲೇ ಉಳಿದ.

ಪ್ರೊಫೆಸರು ಬೋರ್ಡಿನ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಈ ಕಡೆ ತಿರುಗಿದಾಗ ಮುಖ ಗಂಭೀರವಾಗಿತ್ತು, ಕಣ್ಣಲ್ಲಿ ನೀರು. “ಒಂದ್ ವಾರ ಟೈಮ್ ಕೊಡ್ತೀನಿ. ಪೇಪರ್ ಮತ್ತ ಬರೀಲಿ. ಮತ್ತ ನೀವು, ಬಾಯಾರ, ನಾಟಕ ಇನ್ನೊಮ್ಮಿ ನೋಡ್ರಿ.”

ಅವಳು ಕಾಗದಗಳನ್ನು ಮಡಚಿ ಹೊರಟುಹೋದಳು, ನನ್ನ ಕಡೆ ನೋಡದೆ.

ಸಂಜೆ ಅತ್ತೆಯವರು ಅವರೆಕಾಯಿ ಬಿಡಿಸುತ್ತಾ ಕೇಳಿದರು. “ಏನವಾ, ಕಾಲೇಜಿನಾಗ ಮಂಚದ ಪಾಠ ಹೇಳಿದೆಂತ?” ಆಮೇಲೆ ದನಿ ಇಳಿಸಿ, “ಅದೇನಂತ ನನಗೂ ಚೂರು ಹೇಳು” ಎಂದರು. ಹೇಳಿದೆ. ಅವರೆಕಾಯಿಯ ಮೊರ ಮಗುಚಿ ಬಿತ್ತು.

ಆದರೆ ಅವಳು ನಾಲ್ಕು ದಿನ ಕೊನೆಯ ಬೆಂಚಿನಲ್ಲೇ ಕೂತಳು. ಬೆಳಿಗ್ಗೆ ಗುಡ್ ಮಾರ್ನಿಂಗ್ ಕೂಡ ಹೇಳಲಿಲ್ಲ. ನಾನೂ ಹೇಳುವುದನ್ನು ಬಿಟ್ಟೆ. ಆ ವಯಸ್ಸಿನಲ್ಲಿ ಒಬ್ಬಳು ಹುಡುಗಿ ಮಾತು ಬಿಟ್ಟಳೆಂದು ಬಚ್ಚಲಿಗೆ ಹೋಗಿ ಅತ್ತಿದ್ದೆ ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ.

ಐದನೆಯ ದಿನ ಸಂತೆ. ಮಧ್ಯಾಹ್ನ ಅವಳು ನಮ್ಮ ಗೇಟಿನ ಮುಂದೆ ನಿಂತಿದ್ದಳು, ಕೈಯಲ್ಲಿ ನೋಟ್‌ಬುಕ್.

“ಬಸ್ಸಿಗೆ ಹೊತ್ತಾಯಿತು. ಈ ಸಲ ಎಲ್ಲಾ ಹೇಳಬೇಕು. ಒಂದು ಮಾತು ಬಿಟ್ಟರೂ ಬಾಳೆಹಣ್ಣಿನ ಹೆಂಗಸಿನ ಪಕ್ಕ ಹೋಗಿ ಕೂರುತ್ತೇನೆ.”

“ನಿನ್ನ ಅಪ್ಪನಿಗೆ ಬರೆದ ಕಾಗದ?” ಎಂದೆ ಹೆದರುತ್ತಾ.

“ಹೋಗಿದೆ. ಅದು ಹಾಗೇ ಇರಲಿ. ಅವನಿಗೆ ನಿನ್ನ ಟ್ರಾನ್ಸ್‌ಲೇಷನ್ನೇ ಸಾಕು.”

ಅದೇ ಟೆಂಟು, ಅದೇ ಗೌಡ. ನಾನು ಅವಳ ಕಿವಿಗೆ ಬಾಯಿಟ್ಟು ಇದ್ದದ್ದನ್ನು ಇದ್ದ ಹಾಗೆ ಸುರಿಯತೊಡಗಿದೆ. ಹಾಲಿನವನು ಹಾಲಿನವನಾಗಿಯೇ ಬಂದ. ತೊಂದರೆಯೆಂದರೆ ಇಂಗ್ಲಿಷಿಗೆ ಹೊತ್ತು ಹಿಡಿಯುತ್ತದೆ. ಇಡೀ ಟೆಂಟು ನಕ್ಕು ಸುಮ್ಮನಾದ ಮೇಲೆ ಅವಳೊಬ್ಬಳ ನಗು ಹೊರಡುತ್ತಿತ್ತು, ದೊಡ್ಡದಾಗಿ, ಹೊಟ್ಟೆಯೊಳಗಿಂದ. ಆ ನಗು ಕೇಳಿ ಟೆಂಟು ಮತ್ತೊಮ್ಮೆ ನಗುತ್ತಿತ್ತು. ಕಾಮಿಕ್ ನಟ ಎರಡು ಸಲ ತಡವರಿಸಿದ. ಮೂರನೆಯ ಸಲ ಮಾತು ಮುಗಿಸಿ, ಟವೆಲ್ಲಿನಿಂದ ಬೆವರು ಒರೆಸಿಕೊಂಡು, ರಂಗದ ಅಂಚಿಗೆ ಬಂದು ಹೆಂಗಸರ ಕಡೆಗೆ ಕೈಮುಗಿದ.

“ಬಾಯಾರ, ಆಕಿಗಿ ಹೇಳಿ ಮುಗೀತೇನ್ರಿ? ಮುಂದಿಂದ್ ಅನ್ಲ್ಯಾ?”

“ತಡೀರಿ,” ಎಂದು ಕೂಗಿದೆ, “ಇನ್ನಾ ಅರ್ಧಾ ಅದ!”