ಪೀಟ್ರುಸ್ ಹೆಸರಲ್ಲಿ ಸತ್ತ ತ್ಸೆಕೊ

ಲೆಸೋತೋ ದೇಶಕ್ಕೆ ನೆರೆಯ ದೇಶ ಅಂತ ಇರುವುದು ಒಂದೇ. ಮೂಡಣಕ್ಕೆ ನಡೆಯಿರಿ, ಪಡುವಣಕ್ಕೆ ನಡೆಯಿರಿ, ಕೊನೆಗೆ ಸಿಗುವುದು ದಕ್ಷಿಣ ಆಫ್ರಿಕಾವೇ. ನಮ್ಮ ಗುಡ್ಡದ ನೀರು ಸುರಂಗ ಹೊಕ್ಕು ಜೊಹಾನ್ಸ್‌ಬರ್ಗಿನ ನಲ್ಲಿಗೆ ಹೋಗುತ್ತದೆ, ಅದಕ್ಕೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಮಂತ್ರಿಗಳು ಆಗಾಗ ಕೈಕುಲುಕಿ, ಎರಡು ದೇಶಗಳದು ಅಣ್ಣತಮ್ಮಂದಿರ ಸಂಬಂಧ ಎಂದು ಭಾಷಣ ಮಾಡುತ್ತಾರೆ. ಆ ಸಂಬಂಧದ ನಿಜವಾದ ಮುಖ ನೋಡಬೇಕೆಂದರೆ ಮಾಲಿನೆಯೊಳ ಮನೆಗೆ ಬರಬೇಕು.

ಮಾಲಿನೆಯೊ ಎಂದರೆ ಲಿನೆಯೊಳ ತಾಯಿ. ಮಗಳು ಹುಟ್ಟಿದ ದಿನದಿಂದ ಊರು ಅವಳನ್ನು ಕರೆಯುವುದು ಹೀಗೇ. ರಾಜಧಾನಿ ಮಸೇರುವಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಅಮೆರಿಕದವರ ಜೀನ್ಸಿಗೆ ಜಿಪ್ ಕೂರಿಸಿದಳು. ಅಲ್ಲಿ ಯಾರೋ ಸುಂಕದ ಮಾತೆತ್ತಿದರೆ ಇಲ್ಲಿ ಗೇಟು ಮುಚ್ಚುತ್ತದೆ. ಹೋದ ವರ್ಷ ಮುಚ್ಚಿತು. ಗಂಡ ತ್ಸೆಕೊ ದಕ್ಷಿಣ ಆಫ್ರಿಕಾದಲ್ಲಿ, ವೆಲ್ಕಮ್ ಎಂಬ ಊರಿನ ಕಡೆಯ ಚಿನ್ನದ ಗಣಿಯಲ್ಲಿದ್ದ. ನಮ್ಮ ಗಂಡಸರು ಅಜ್ಜನ ಕಾಲದಿಂದ ಅಲ್ಲಿಗೇ ಹೋದವರು. ಆಮೇಲೆ ಗಣಿಯ ಗುತ್ತಿಗೆದಾರರು ತಮ್ಮ ದೇಶದ ಗುರುತಿನ ಚೀಟಿ ಇದ್ದವರನ್ನಷ್ಟೇ ತೆಗೆದುಕೊಳ್ಳತೊಡಗಿದರು. ತ್ಸೆಕೊ ಮಾಡಿದ್ದು ನೂರಾರು ಜನ ಮಾಡಿದ್ದನ್ನೇ. ಎಲ್ಲಿಂದಲೋ ಒಂದು ಚೀಟಿ ತಂದ. ಅದರ ಮೇಲೆ ತನ್ನ ಫೋಟೊ, ಬೇರೆಯವನ ಹೆಸರು: ಪೀಟ್ರುಸ್ ಮಖೂಬೊ.

ಇಪ್ಪತ್ತು ವರ್ಷ ಅವನು ಗಡಿಯ ಹೊಳೆಯಾಚೆ ಪೀಟ್ರುಸ್, ಈಚೆ ತ್ಸೆಕೊ. ಮಾಲಿನೆಯೊ ತಮಾಷೆಗೆ ಫೋನಿನಲ್ಲಿ ಕೇಳುತ್ತಿದ್ದಳು: "ಯಾರು ಮಾತಾಡ್ತಿರೋದು? ನನ್ನ ಗಂಡಾನೋ, ಆ ಮಖೂಬೋನೋ?"

"ದುಡಿಯೋನು ಮಖೂಬೊ ಕಣೇ. ಉಣ್ಣೋಕೆ ಬರೋನು ನಾನು" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಗಣಿಯ ದೂಳು ಯಾವ ಹೆಸರನ್ನೂ ನೋಡುವುದಿಲ್ಲ. ಅದು ತ್ಸೆಕೊನ ಶ್ವಾಸಕೋಶವನ್ನು ಕಲ್ಲು ಮಾಡಿತು. ಕಳೆದ ತಿಂಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಸತ್ತ. ಮರಣಪತ್ರದಲ್ಲಿ ಸತ್ತವನು ಪೀಟ್ರುಸ್ ಮಖೂಬೊ.

ಗಂಡ ಸತ್ತವಳು ಮಣ್ಣಾಗುವ ತನಕ ಮನೆಯೊಳಗೆ ನೆಲದ ಹಾಸಿಗೆಯ ಮೇಲೆ ಕೂತಿರಬೇಕು. ಹೆಣ ತರಲು ಹೋಗುವವರು ಗಂಡನ ಕಡೆಯ ಗಂಡಸರು. ಆದರೆ ತ್ಸೆಕೊನ ಕಡೆ ಗಂಡಸರೇ ಉಳಿದಿಲ್ಲ, ಅವರನ್ನೂ ಗಣಿಯೇ ತಿಂದಿದೆ. ಮಾಲಿನೆಯೊ ಕಂಬಳಿ ಹೊದ್ದು ಎದ್ದು ನಿಂತಾಗ ಗಂಡನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊರಟೆ? ಹಾಸಿಗೆ ಮುಳ್ಳಾಯ್ತಾ? ನೋಡಿದೋರು ಏನಂತಾರೆ?"

"ನೋಡೋರು ಹೋಗಿ ಕರ್ಕೊಂಡು ಬರ್ತಾರಾ ಅತ್ತಿಗೆ? ತರ್ತೀವಿ ಅಂದ್ರೆ ಹೇಳಿ, ಈಗ್ಲೇ ಕೂತ್ಕೋತೀನಿ."

ಅತ್ತಿಗೆ ದಾರಿ ಬಿಟ್ಟಳು. ಬಿಡುವ ಮುಂಚೆ ಕಿವಿಯಲ್ಲಿ ಒಂದು ಮಾತು ಹಾಕಿದಳು: "ಹೊಳೆ ದಾಟೋವಾಗ ಅವನಿಗೆ ಹೇಳು. ಹೇಳದೆ ತಂದ್ರೆ ಬರೀ ಮೈ ಬರುತ್ತೆ, ಅವನು ಆ ಕಡೇನೇ ಉಳೀತಾನೆ."

ಹೆಣದ ಜೊತೆ ಮಾತಾಡುತ್ತಾ ತರುವುದು ನಮ್ಮಲ್ಲಿ ನಡೆದುಬಂದದ್ದು. ತಿರುವು ಬಂದರೆ ಹೇಳಬೇಕು, ಸೇತುವೆ ಬಂದರೆ ಹೇಳಬೇಕು. ಹೆಸರು ಹಿಡಿದು, ಕುಲ ಹಿಡಿದು, ಗಟ್ಟಿಯಾಗಿ ಕರೆಯಬೇಕು. ಶನಿವಾರಕ್ಕೆ ಮಣ್ಣು ಅಂತ ನಿಗದಿಯಾಗಿತ್ತು. ಗುಂಡಿ ತೋಡಲು ಜನ ಸಿಕ್ಕಿದ್ದರು, ಮಣ್ಣಿನ ದಿನದ ಊಟಕ್ಕೆ ಕಡಿಯುವ ಎತ್ತು ಹಿತ್ತಲಲ್ಲಿ ಕಟ್ಟಿತ್ತು.

ಹೆಣದ ವಾಹನದ ಡ್ರೈವರ್ ಲೆಖೆತೊ ಇಂಥ ನೂರು ಹೆಣ ದಾಟಿಸಿದವನು. ಗುರುವಾರ ಮಧ್ಯಾಹ್ನ ಹೆಣ ತೆಗೆದುಕೊಂಡು ವಾಪಸು ಬರುವಾಗ, ಗಡಿ ಹತ್ತಿರವಾಗುತ್ತಿದ್ದಂತೆ ಅವಳಿಗೆ ತಿಳಿಹೇಳಿದ.

"ಅಮ್ಮಾ, ಕೇಳಿಸ್ಕೊ. ಒಳಗಿರೋನು ಪೀಟ್ರುಸ್. ನಿಂಗೆ ದೂರದ ನೆಂಟ. ಲೆಸೋತೋದಲ್ಲೇ ಮಣ್ಣು ಮಾಡಿ ಅಂತ ಸಾಯೋಕ್ ಮುಂಚೆ ಕೇಳ್ಕೊಂಡಿದ್ದ. ಮುಗೀತು. ಮುದ್ರೆ ಬೀಳೋ ತನಕ ಬಾಯಿಗೆ ಬೀಗ."

"ಸೇತುವೆ ಮೇಲೆ ಹೇಳ್ಬೇಕಲ್ಲಪ್ಪಾ?"

"ಸೇತುವೆ ಮೇಲೆ ಹೇಳು. ಹಾಡು ಬೇಕಾದ್ರೂ ಹಾಡು. ಗಡಿ ಆಫೀಸಿನ ಕಿಟಕಿ ಹತ್ರ ಬೇಡ."

ಕಿಟಕಿಯ ಹತ್ತಿರ ಸಾಲು ಉದ್ದವಿತ್ತು. ದಕ್ಷಿಣ ಆಫ್ರಿಕಾದ ಅಧಿಕಾರಿ ಕಾಗದ ನೋಡಿದ, ಪೆಟ್ಟಿಗೆ ತೋರಿಸಿ ಎಂದು ಹೊರಗೆ ಬಂದ. ಲೆಖೆತೊ ಹಿಂಬಾಗಿಲು ತೆರೆದ. ಪೆಟ್ಟಿಗೆಯ ಮೇಲೆ ಬಿಸಿಲು ಬಿತ್ತು. ಕೆಳಗೆ ಮೊಹೊಕರೆ ಹೊಳೆ ಕಾಣುತ್ತಿತ್ತು. ಅದರಾಚೆ ಮನೆ. ಮಾಲಿನೆಯೊಳಿಗೆ ಅತ್ತಿಗೆಯ ಮಾತಷ್ಟೇ ನೆನಪಿತ್ತು. ಪೆಟ್ಟಿಗೆಗೆ ಕೈಯಿಟ್ಟು ಕೂಗಿಯೇಬಿಟ್ಟಳು:

"ತ್ಸೆಕೊ! ಸಿಂಹದ ಕುಲದವನೇ! ಮೊತೌಂಗ್! ಹೊಳೆ ಬಂತು ನೋಡು. ಮನೆಗೆ ಹೋಗ್ತಿದೀವಿ. ನಮ್ಮ ಹಿಂದೆ ಬಾ, ಇಲ್ಲಿ ನಿಂತ್ಕೋಬೇಡ!"

ಲೆಖೆತೊ ಹಣೆ ಚಚ್ಚಿಕೊಂಡ. ಅಧಿಕಾರಿ ಕಾಗದದಿಂದ ತಲೆಯೆತ್ತಿದ. ಅವನದೂ ಇದೇ ಭಾಷೆ. ಹೊಳೆಯ ಆಚೆ ಈಚೆ ಇರುವವರು ಒಂದೇ ಜನ, ನಕ್ಷೆ ಗೀಚಿದವರಿಗೆ ಅದು ಕಾಣಲಿಲ್ಲ ಅಷ್ಟೆ.

"ತ್ಸೆಕೊ ಯಾರಮ್ಮಾ?"

ಅವಳು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.

"ನಾನೂ ಮೊತೌಂಗೇ" ಅಂದ ಅಧಿಕಾರಿ, ದನಿ ತಗ್ಗಿಸಿ. "ಕುಲದ ಹೆಸರು ಹಿಡಿದು ಕರೆದದ್ದು ಸುಳ್ಳಾಗಲ್ಲ ಅಂತ ನಂಗೂ ಗೊತ್ತು. ಆದ್ರೆ ಈ ಕಾಗದದಲ್ಲಿ ಮಖೂಬೊ ಅಂತಿದೆ. ಮಖೂಬೊಗಳಲ್ಲಿ ಮೊತೌಂಗ್ ಯಾರೂ ಇಲ್ಲ."

"ಅಪ್ಪಾ, ನೀನೂ ಅದೇ ಕುಲ ಅಂದ್ಮೇಲೆ ಇವನು ನಿನ್ನ ಅಣ್ಣ. ಬಿಟ್ಬಿಡು."

"ಅಣ್ಣ ಆಗಿದ್ದಕ್ಕೇ ಪೊಲೀಸಿಗೆ ಹೇಳ್ತಿಲ್ಲ. ಬೇರೆಯವನ ಹೆಸರಲ್ಲಿ ಹೆಣ ದಾಟಿಸಿದ್ರೆ ನಿನ್ನನ್ನೂ ಒಳಗೆ ಹಾಕ್ತಾರೆ, ನನ್ನನ್ನೂ ಹಾಕ್ತಾರೆ. ಪೀಟ್ರುಸ್ ಮನೆಯವರು ಬಂದು, ನಮ್ಮ ಹುಡುಗಾನೇ, ತಗೊಂಡ್ಹೋಗ್ಲಿ ಅಂತ ಸಹಿ ಹಾಕಿದ್ರೆ ಬಿಡ್ತೀನಿ. ಇಲ್ಲಾಂದ್ರೆ ಕೋರ್ಟು."

ಹೆಣ ಗಡಿಯಾಚೆಯ ಊರು ಲೇಡಿಬ್ರಾಂಡಿನ ಶವಾಗಾರಕ್ಕೆ ಹೋಯಿತು. ಮಾಲಿನೆಯೊ ಹೊಳೆಯ ಈಚೆಗೆ ನಡೆದು ಬಂದು ನಮ್ಮ ಸರ್ಕಾರದ ಕಚೇರಿಯಲ್ಲಿ ಕೇಳಿದಳು. ಅಲ್ಲಿದ್ದವಳು ಕಂಪ್ಯೂಟರ್ ನೋಡಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ನಿಮ್ಮ ಗಂಡ ಬದುಕಿದ್ದಾರಲ್ಲಾ ಅಮ್ಮಾ. ದೇಶ ಬಿಟ್ಟೇ ಹೋಗಿಲ್ಲ. ಅವರು ಸತ್ತಿದ್ದಾರೆ ಅಂತ ಆ ಕಡೆಯವರು ಬರೆದುಕೊಟ್ರೆ ನಾವು ಒಪ್ಕೋತೀವಿ."

ಆ ಕಡೆಯವರು ಹೇಳುವುದು, ತ್ಸೆಕೊ ಎಂಬಾತ ನಮ್ಮ ದೇಶದಲ್ಲಿ ಇರಲೇ ಇಲ್ಲ, ಇಲ್ಲದವನು ಸತ್ತ ಅಂತ ಹೇಗೆ ಬರೆಯೋಣ? ಎರಡು ಸರ್ಕಾರಗಳ ನಡುವೆ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಬಂಡೆ ಕೊರೆದ. ಅವನು ತೆಗೆದ ಚಿನ್ನವನ್ನು ಯಾರೂ ಗಡಿಯಲ್ಲಿ ತಡೆದು, ಇದನ್ನು ಅಗೆದವನ ನಿಜವಾದ ಹೆಸರೇನು ಎಂದು ಕೇಳಲಿಲ್ಲ!

ಸೋಮವಾರ ಪೀಟ್ರುಸ್‌ನ ತಾಯಿ ಶವಾಗಾರಕ್ಕೆ ಬಂದಳು. ಅವಳ ಮಗ ಇಪ್ಪತ್ತೆರಡು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಹೋದವನು ಮತ್ತೆ ಸುದ್ದಿಯಿಲ್ಲ. ಮಗ ಸತ್ತಿದ್ದಾನೆ, ಬನ್ನಿ ಎಂದು ಗಡಿ ಆಫೀಸಿನವರು ಫೋನ್ ಮಾಡಿದ್ದರು. ಎಂಬತ್ತರ ಹತ್ತಿರದ ಮುದುಕಿ ದೂರದ ಕ್ವಾಕ್ವಾದಿಂದ ಎರಡು ಟ್ಯಾಕ್ಸಿ ಬದಲಿಸಿ, ಮಗನಿಗೆ ಹೊದಿಸಲು ಹೊಸ ಕಂಬಳಿ ತಂದಿದ್ದಳು.

ಶವಾಗಾರದವನು ಬಟ್ಟೆ ಸರಿಸಿದ. ಮುದುಕಿ ಬಗ್ಗಿ ನೋಡಿದಳು. ಕಿವಿ ನೋಡಿದಳು, ಗದ್ದ ನೋಡಿದಳು. ಆಮೇಲೆ ಆ ತಣ್ಣನೆಯ ಕೋಣೆಯಲ್ಲಿ, ಮದುವೆಮನೆಯಲ್ಲಿ ಹೆಂಗಸರು ನಾಲಿಗೆಯಾಡಿಸಿ ಹರ್ಷಕ್ಕೆ ಕೂಗುತ್ತಾರಲ್ಲ, ಹಾಗೆ ಕೂಗಿದಳು.

"ಇವನಲ್ಲ! ನನ್ನ ಮಗ ಇವನಲ್ಲ!"

ಆ ಸಹಿಗಾಗಿ ಮತ್ತೆ ಹೊಳೆ ದಾಟಿ ಬಂದಿದ್ದ ಮಾಲಿನೆಯೊ ಗೋಡೆಯ ಬದಿಗೆ ನಿಂತಿದ್ದಳು. ತನ್ನ ಗಂಡನ ಹೆಣದ ಮುಂದೆ ಒಬ್ಬಳು ಕುಣಿಯುತ್ತಿದ್ದಾಳೆ. ಆ ಕ್ಷಣದ ಬಗ್ಗೆ ಕೇಳಿದರೆ ಅವಳು ಈಗಲೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಕೊನೆಗೆ ಮಂಡಿಯೂರಿ ಮುದುಕಿಯ ಕಾಲು ಹಿಡಿದಳು.

"ಅಜ್ಜೀ, ಒಂದು ಸಹಿ ಹಾಕು. ನಿನ್ನ ಮಗ ಅಂತ ಹಾಕು. ಊರಲ್ಲಿ ಗುಂಡಿ ಬಾಯಿ ತೆರ್ಕೊಂಡು ಕೂತಿದೆ."

"ಹಾಕಿದ್ರೆ ನನ್ನ ಮಗ ಸತ್ತ ಅಂತಾಗುತ್ತೆ ಕಣೇ. ನಾಳೆ ಅವನು ಬಂದು ಬಾಗಿಲು ಬಡಿದ್ರೆ? ತಾಯೇ ಬರೆದುಕೊಟ್ಟಿದ್ದಾಳೆ, ನೀನು ಸತ್ತಿದ್ದೀಯ ಅಂತ ಅವನನ್ನ ಎಲ್ಲಿಗೆ ಓಡಿಸ್ತಾರೋ."

"ಅಜ್ಜೀ..."

"ನಾನು ಕೇಳೋದು ಮೊದ್ಲು ಹೇಳು." ಮುದುಕಿ ಅವಳ ಗದ್ದ ಹಿಡಿದೆತ್ತಿದಳು. "ನಿನ್ನ ಗಂಡನಿಗೆ ಆ ಚೀಟಿ ಕೊಟ್ಟೋರು ಯಾರು? ನನ್ನ ಮಗಾನೇ ಮಾರಿದ್ನಾ? ಜೇಬಿಂದ ಕದ್ರಾ? ಅವನು ಬಿದ್ದಿರೋವಾಗ ತೆಗೆದ್ರಾ? ಇಪ್ಪತ್ತು ವರ್ಷ ಜೊತೆಗಿದ್ಯಲ್ಲಾ, ಹೇಳೇ!"

ಮಾಲಿನೆಯೊಳಿಗೆ ಗೊತ್ತಿರಲಿಲ್ಲ. ಆ ಹೆಸರನ್ನು ಇಟ್ಟುಕೊಂಡು ಫೋನಿನಲ್ಲಿ ನಕ್ಕಿದ್ದಳು, ಆ ಹೆಸರಿನ ಸಂಬಳದಲ್ಲಿ ಮಗಳನ್ನು ಓದಿಸಿದ್ದಳು. ಆ ಹೆಸರಿಗೂ ಒಬ್ಬ ತಾಯಿ ಇರಬಹುದೆಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. "ಕೇಳ್ಲಿಲ್ಲ ಅಜ್ಜೀ" ಅಂದಳು. "ನಾನು ಕೇಳ್ಲೇ ಇಲ್ಲ."

ಮುದುಕಿ ಸಹಿ ಹಾಕಲಿಲ್ಲ. ಹಾಕಬೇಕಿತ್ತು ಎನ್ನುವ ಧೈರ್ಯ ನನಗಿಲ್ಲ. ಹೊಸ ಕಂಬಳಿಯನ್ನು ಮಡಚಿಕೊಂಡು, ಮಗ ಬರುವ ದಿನಕ್ಕೆಂದು ವಾಪಸು ಒಯ್ದಳು.

ತ್ಸೆಕೊ ಸತ್ತು ಇವತ್ತಿಗೆ ಇಪ್ಪತ್ತಾರು ದಿನ. ಎತ್ತನ್ನು ಬಿಚ್ಚಿ ಮೇಯಲು ಬಿಟ್ಟಿದ್ದಾರೆ. ಗುಂಡಿಯ ಮೇಲೆ ತಗಡು ಹೊದಿಸಿದ್ದಾರೆ. ವಿಷಯ ಕೋರ್ಟಿಗೆ ಹೋಗಿದೆ, ವಕೀಲ ಇನ್ನೂ ಎರಡು ತಿಂಗಳು ಅನ್ನುತ್ತಾನೆ. ತ್ಸೆಕೊ ಲೇಡಿಬ್ರಾಂಡಿನ ಪೆಟ್ಟಿಗೆಯಲ್ಲಿ, ಪೀಟ್ರುಸ್ ಎಂದು ಬರೆದ ಚೀಟಿ ಕಾಲಿಗೆ ಕಟ್ಟಿಕೊಂಡು ಮಲಗಿದ್ದಾನೆ.

ಈ ಅಂಕಣದಲ್ಲಿ ಎರಡು ಸರ್ಕಾರಗಳನ್ನು ನಾನು ಬಯ್ಯುತ್ತಲೇ ಇರುತ್ತೇನೆ, ಅವರಿಗೆ ಅದು ಅಭ್ಯಾಸವಾಗಿದೆ. ಇವತ್ತಿನ ಮಾತು ನಿಮಗೆ. ನಿಮ್ಮ ಮನೆಯಿಂದಲೂ ಒಬ್ಬ ಹೊಳೆಯಾಚೆ ದುಡಿಯಲು ಹೋಗಿದ್ದಾನೆ, ಇಲ್ಲ ಅನ್ನಬೇಡಿ. ಈ ಪತ್ರಿಕೆ ಕೆಳಗಿಡಿ. ಅವನಿಗೆ ಫೋನ್ ಮಾಡಿ, ಯಾರ ಹೆಸರಲ್ಲಿ ದುಡಿಯುತ್ತಿದ್ದೀಯ ಎಂದು ಕೇಳಿ. ಆ ಹೆಸರಿನವನು ಎಲ್ಲಿದ್ದಾನೆ ಎಂದೂ ಕೇಳಿ. ಅವನು ಉತ್ತರ ಹೇಳುವ ತನಕ ಫೋನ್ ಇಡಬೇಡಿ.