ಸದ್ದಿಲ್ಲ ಎಂದು ಹೇಳಬೇಕಾದವಳು ತಂಗಿ

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಸಾಲುಮನೆಗಳ ನಡುವೆ ಒಂದು ಮನೆಯ ಸಿಮೆಂಟು ಅಂಗಳದಲ್ಲಿ ಬೂದು ಬಣ್ಣದ ಎಸ್‌ಯುವಿಯೊಂದು ಹಿಂಬದಿಯನ್ನು ಜಾಕಿನ ಮೇಲೆ ಏರಿಸಿಕೊಂಡು ನಿಂತಿದೆ. ಹಿಂದಿನ ಚಕ್ರದ ಪಕ್ಕ ಹಳೆಯ ರಗ್ಗು ಹಾಸಿಕೊಂಡು ಒಬ್ಬರು ಅಡ್ಡ ಮಲಗಿದ್ದಾರೆ. ಎಡಗೈಯಲ್ಲಿ ಚಕ್ರ ತಿರುಗಿಸುತ್ತಾರೆ, ಬಲಗೈಯ ಬೆರಳುಗಳನ್ನು ಒಳಗಿನ ದಪ್ಪ ಸ್ಪ್ರಿಂಗಿನ ಮೇಲೆ ಇಟ್ಟಿದ್ದಾರೆ. ಕಣ್ಣು ಮುಚ್ಚಿದೆ. ಗೊತ್ತಿಲ್ಲದವರು ನೋಡಿದರೆ ಮನುಷ್ಯ ಅಲ್ಲೇ ನಿದ್ದೆ ಹೋದನೇನೋ ಅಂದುಕೊಳ್ಳಬೇಕು.

ಈ ಬಡಾವಣೆಗಳಲ್ಲಿ ಅವರನ್ನು ಎಲ್ಲರೂ ಕರೆಯುವುದು ಬೇರಿಂಗ್ ಮಾವ ಎಂದು. ವಯಸ್ಸು ಐವತ್ತೆಂಟು. ಮಾಡುವುದು ಒಂದೇ ಕೆಲಸ: ಸದ್ದು ಮಾಡುವ ಚಕ್ರದ ಬೇರಿಂಗನ್ನು ಮನೆಬಾಗಿಲಿಗೇ ಬಂದು ಬದಲಾಯಿಸಿ ಕೊಡುವುದು. ಎಂಜಿನ್ ನೋಡುವುದಿಲ್ಲ, ಡೆಂಟು ಎತ್ತುವುದಿಲ್ಲ. ದೊಡ್ಡ ಗಾಡಿಗಳ ಹಿಂದಿನ ಚಕ್ರವೆಂದರೆ ಇನ್ನೂ ವಿಶೇಷ, ಏಕೆಂದರೆ ಅದನ್ನು ಮನೆಯಂಗಳದಲ್ಲಿ ಬಿಚ್ಚಲು ಬೇರೆಯವರು ಹಿಂದೆ ಮುಂದೆ ನೋಡುತ್ತಾರೆ. ಸ್ಕೂಟರಿಗೆ ಕಟ್ಟಿದ ತಳ್ಳುಗಾಡಿಯಷ್ಟು ಚಿಕ್ಕ ಟ್ರಾಲಿಯಲ್ಲಿ ಅವರ ಗ್ಯಾರೇಜು ಪೂರ್ತಿ ಹಿಡಿಸುತ್ತದೆ.

ಅಂಗಳದ ಮೆಟ್ಟಿಲ ಮೇಲೆ ಸ್ವೆಟರ್ ಹಾಕಿಕೊಂಡು ಕುಳಿತವರು ಅವರ ತಂಗಿ. ಐವತ್ತನಾಲ್ಕು ವರ್ಷ, ದರ್ಜಿ, ಅಣ್ಣನ ಬಾಯಲ್ಲಿ ಮಾತ್ರ ಇವತ್ತಿಗೂ ಪುಟ್ಟಿ. ಬಟ್ಟೆ ಹೊಲಿಯುವ ಹೆಂಗಸಿಗೆ ಇಷ್ಟು ಬೆಳಿಗ್ಗೆ ಗಾಡಿಯ ಹತ್ತಿರ ಏನು ಕೆಲಸ ಎಂದು ಕೇಳಿದವರಿಗೆ ಅವರು ನಗುತ್ತಾ, ತಾನು ಅಣ್ಣನ ಕಿವಿ ಎನ್ನುತ್ತಾರೆ. ತಮಾಷೆಯ ಮಾತು ಎಂದು ಎಲ್ಲರೂ ನಗುತ್ತಾರೆ. ಅದು ತಮಾಷೆಯಲ್ಲ.

ಬೇರಿಂಗ್ ಮಾವನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಅರ್ಧ. ಎದುರು ನಿಂತು ಬಿಡಿಸಿ ಮಾತಾಡಿದರೆ ಕೇಳುತ್ತದೆ, ಗಾಡಿಯ ತಳದಿಂದ ಬರುವ ಗುಂಯ್ ಎನ್ನುವ ಸದ್ದು ಕೇಳುವುದಿಲ್ಲ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಸುತ್ತಿಗೆ ಏಟು, ನಟ್ಟು ಬಿಚ್ಚುವ ಗಾಳಿಗನ್ನಿನ ಅಬ್ಬರದ ನಡುವೆ ದುಡಿದವರಿಗೆ ಸಿಕ್ಕ ಬಳುವಳಿ ಅದು. ಕಿವಿ ಹೋದದ್ದಕ್ಕಿಂತ ದೊಡ್ಡ ದುಃಖ, ಹೋದದ್ದು ಗೊತ್ತಾಗದೇ ಹೋದದ್ದು.

ಆರು ವರ್ಷದ ಹಿಂದಿನ ಮಾತು. ತರಕಾರಿ ಅಂಗಡಿಯವರೊಬ್ಬರು ಹಿಂದಿನ ಚಕ್ರ ಸದ್ದು ಮಾಡುತ್ತದೆ ಎಂದು ಗಾಡಿ ತಂದಿದ್ದರು. ಇವರು ಎಡಗಡೆಯ ಬೇರಿಂಗ್ ಬದಲಾಯಿಸಿದರು, ಒಂದು ಸುತ್ತು ಓಡಿಸಿ ನೋಡಿದರು, ಗಾಡಿ ಬೆಣ್ಣೆಯ ಹಾಗೆ ಹೋಯಿತು. ಎರಡು ದಿನ ಬಿಟ್ಟು ಅಂಗಡಿಯವರು ಸದ್ದು ಇನ್ನೂ ಇದೆ ಎಂದು ತಿರುಗಿ ಬಂದಾಗ ಪಕ್ಕದಲ್ಲಿ ಕುಳಿತು ಮತ್ತೊಂದು ಸುತ್ತು ಹೋದರು. ಸದ್ದಿಲ್ಲ, ನಿಮ್ಮ ಭ್ರಮೆ ಎಂದು ಬೆನ್ನು ತಟ್ಟಿ ಕಳಿಸಿದರು. ನಾಲ್ಕನೇ ದಿನ ಇಳಿಜಾರಿನಲ್ಲಿ ಬಲಗಡೆಯ ಚಕ್ರ ಕಚ್ಚಿಕೊಂಡು ಗಾಡಿ ಚರಂಡಿಗೆ ಇಳಿಯಿತು. ಅಂಗಡಿಯವರಿಗೆ ತರಚು ಗಾಯ. ಹಿಂದೆ ಕುಳಿತಿದ್ದ ಅವರ ತಾಯಿಯ ಸೊಂಟದ ಮೂಳೆ ಮುರಿಯಿತು. ಆಕೆ ಮತ್ತೆ ಎದ್ದು ನಡೆಯಲಿಲ್ಲ.

“ಸುಳ್ಳು ಹೇಳ್ಲಿಲ್ಲ ನಾನು,” ಎನ್ನುತ್ತಾರೆ. “ನನ್ನ ಪಾಲಿಗೆ ನಿಜವಾಗ್ಲೂ ಸದ್ದು ಇರ್ಲಿಲ್ಲ. ಗಾಡಿ ಸರಿಹೋಗಿದೆ ಅಂದ್ಕೊಂಡೆ. ಹಾಳಾಗಿದ್ದು ನಾನು.”

ಗ್ಯಾರೇಜಿನವರು ಮರುವಾರವೇ ಇವರನ್ನು ಕೆಲಸದಿಂದ ಬಿಡಿಸಿ ಕೈತೊಳೆದುಕೊಂಡರು. ಅಂಗಡಿಯವರ ಮನೆಗೆ ಇವರು ಎರಡು ಸಲ ಹೋದರು. ಎರಡನೇ ಸಲ, ಇನ್ನು ಬರಬೇಡಿ ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ ಅವರಿಗೆ. ಐದು ತಿಂಗಳು ಮನೆಯಲ್ಲಿ ಗೋಡೆ ನೋಡಿಕೊಂಡು ಕುಳಿತರು. ಹೆಂಡತಿ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಅಡ್ಡಗೋಡೆಯ ಆಚೆ ಇದ್ದ ತಂಗಿ ಊಟ ತಂದಿಟ್ಟು, ತಟ್ಟೆ ಖಾಲಿಯಾಗುವ ತನಕ ಎದುರು ಕುಳಿತು ಹೋಗುತ್ತಿದ್ದರು. ಒಂದು ದಿನ ಆಕೆಯೇ ಮಾತು ತೆಗೆದರು. ಕೆಲಸ ಅಣ್ಣ ಮಾಡಲಿ, ಸದ್ದು ತಾನು ಕೇಳುತ್ತೇನೆ.

ಅಂದಿನಿಂದ ಒಂದು ಕಟ್ಟುಪಾಡು. ಬಿಚ್ಚುವ ಮೊದಲು ಒಂದು ಸುತ್ತು, ಕಟ್ಟಿದ ಮೇಲೆ ಒಂದು ಸುತ್ತು, ಎರಡಕ್ಕೂ ತಂಗಿ ಹಿಂದಿನ ಸೀಟಿನಲ್ಲಿ. ಸದ್ದಿಲ್ಲ ಎನ್ನುವ ಮಾತನ್ನು ಬೇರಿಂಗ್ ಮಾವ ಈ ಆರು ವರ್ಷದಲ್ಲಿ ಒಮ್ಮೆಯೂ ತಮ್ಮ ಬಾಯಿಂದ ಆಡಿಲ್ಲ. ತಂಗಿ ಹೇಳದೆ ಕೀಲಿ ಮಾಲೀಕರ ಕೈಗೆ ಹೋಗುವುದಿಲ್ಲ. ಜ್ವರ ಬಂದು ತಂಗಿ ಮಲಗಿದರೆ ಆ ದಿನ ಕೆಲಸವೂ ಮಲಗುತ್ತದೆ.

ಆದರೆ ಸದ್ದು ಇದೆಯೋ ಇಲ್ಲವೋ ಎಂದಷ್ಟೇ ತಂಗಿ ಹೇಳಬಲ್ಲರು. ಎಡವೋ ಬಲವೋ ಎಂದರೆ ಆಕೆಗೂ ತಿಳಿಯದು, ಒಳ್ಳೆಯ ಕಿವಿಯವರೂ ಅಲ್ಲಿ ಮೋಸ ಹೋಗುತ್ತಾರೆ. ಗಾಡಿಯ ಹೊಟ್ಟೆಯೊಳಗೆ ಸದ್ದು ಸುತ್ತಾಡಿ ಎಲ್ಲಿಂದಲೋ ಹೊರಬರುತ್ತದೆ. ಅದಕ್ಕೇ ಬೆರಳು. ಚಕ್ರ ತಿರುಗಿಸಿ ಸ್ಪ್ರಿಂಗ್ ಮುಟ್ಟಿದರೆ ಕೆಟ್ಟ ಬೇರಿಂಗಿನ ಒರಟುತನ ಸಣ್ಣ ನಡುಕವಾಗಿ ಬೆರಳಿಗೆ ಏರುತ್ತದೆ. ವಾರಕ್ಕೆ ಆರೇಳು ಗಾಡಿ, ವರ್ಷಕ್ಕೆ ಮುನ್ನೂರರ ಮೇಲೆ. ಅಷ್ಟರಲ್ಲೂ ಬೆರಳು ತಪ್ಪು ಹೇಳಿದ್ದು ಇಲ್ಲವೇ ಇಲ್ಲ ಎನ್ನುವುದು ಅವರ ಹೆಮ್ಮೆ. ಈ ಬೆಳಗಿನ ತನಕ ಅದು ನಿಜವೂ ಆಗಿತ್ತು.

ಮನೆಯೊಡತಿ ಆಸ್ಪತ್ರೆಯ ನರ್ಸು. ರಾತ್ರಿಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾರೆ, ಸಂಜೆ ಮತ್ತೆ ಅದೇ ಗಾಡಿಯಲ್ಲಿ ಹೋಗಬೇಕು. ಒಂದು ತಿಂಗಳಿಂದ ಗಾಡಿಯ ಹಿಂಬದಿಯಲ್ಲಿ ವಿಮಾನ ಏರುವಂಥ ಸದ್ದು ಎಂದು ಅವರ ದೂರು. ಬೇರಿಂಗ್ ಮಾವ ಎರಡೂ ಸ್ಪ್ರಿಂಗ್ ಮುಟ್ಟಿ ನೋಡಿ, ಎಡಗಡೆಯದು ಎಂದು ತೀರ್ಪು ಕೊಡುತ್ತಾರೆ.

ಆಮೇಲಿನ ಕೆಲಸ ನೋಡುವಂಥದ್ದು. ಚಕ್ರ ಬಿಚ್ಚಿ, ಚಕ್ರವನ್ನು ಕಚ್ಚಿ ನಿಲ್ಲಿಸುವ ಬ್ರೇಕಿನ ಹಿಡಿಯನ್ನು ಅದರ ಪೈಪಿಗೆ ಜೋತುಬೀಳದಂತೆ ತಂತಿಯಲ್ಲಿ ಮೇಲೆ ಕಟ್ಟುತ್ತಾರೆ. ಚಕ್ರ ಕೂರುವ ನಡುವಿನ ಹಬ್ ಎಂಬ ಭಾಗವನ್ನು ಎಳೆದು, ಹಳೆಯ ಬೇರಿಂಗನ್ನು ತಿರುಪು ಹಾಕಿ ಹೊರಗೆ ದೂಡುತ್ತಾರೆ. ಬೇರಿಂಗ್ ಕೂರುವ ಗೂಡನ್ನು ಮಗುವಿನ ಕಿವಿ ಒರೆಸಿದಂತೆ ಬಟ್ಟೆಯಿಂದ ಒರೆಸುತ್ತಾರೆ. ಹೊಸದನ್ನು ಒತ್ತುವಾಗ ಹೊರಗಿನ ಉಂಗುರದ ಮೇಲೆ ಮಾತ್ರ ಭಾರ ಬೀಳಬೇಕು, ಒಳಗಿನದರ ಮೇಲೆ ಬಿದ್ದರೆ ಹೊಸ ಬೇರಿಂಗೇ ಕೂರುವ ಮೊದಲು ಸತ್ತಂತೆ. ನಡುವಿನ ದೊಡ್ಡ ನಟ್ಟು ಪೂರ್ತಿ ಬಿಗಿಯುವ ತನಕ ಚಕ್ರ ನೆಲ ಮುಟ್ಟುವ ಹಾಗಿಲ್ಲ. ಎರಡು ಗಂಟೆಯ ಕೆಲಸ. ನಡುನಡುವೆ ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿ ಬಿಸಿ ಮಾಡಿಕೊಳ್ಳುತ್ತಾರೆ.

ಚಕ್ರ ಕಟ್ಟಿ ಅಣ್ಣ ತಂಗಿ ಒಂದು ಸುತ್ತು ಹೋಗಿ ಬರುತ್ತಾರೆ. ಗಾಡಿ ನಿಲ್ಲುತ್ತದೆ, ಹಿಂದಿನ ಬಾಗಿಲು ಮಾತ್ರ ತೆರೆಯುವುದಿಲ್ಲ. ತಂಗಿ ಒಳಗೇ ಕುಳಿತಿದ್ದಾರೆ. ಬೇರಿಂಗ್ ಮಾವ ಇಳಿದು ಹೋಗಿ ಕಿಟಕಿಗೆ ಮುಖ ಕೊಟ್ಟು ನಿಂತಾಗ ಆಕೆ ತಲೆ ಎತ್ತದೆ ಹೇಳುತ್ತಾರೆ.

“ಇದೆ ಅಣ್ಣ. ಹಾಗೇ ಇದೆ.”

ನರ್ಸು ಪಾಪ, ಒಳ್ಳೆಯ ಮನಸ್ಸಿನವರು. ಕಣ್ಣು ಎಳೆಯುತ್ತಿದ್ದರೂ ಹೊರಗೆ ಬಂದು ತಾವೂ ಒಂದು ಸುತ್ತು ಓಡಿಸುತ್ತಾರೆ. ಸ್ವಲ್ಪ ಕಡಿಮೆಯಾದಂತಿದೆ, ಇಷ್ಟಿದ್ದರೆ ನಡೆಯುತ್ತದೆ, ಮುಂದಿನ ತಿಂಗಳು ನೋಡಿದರಾಯಿತು ಎನ್ನುತ್ತಾರೆ. ದಣಿದ ಮನುಷ್ಯರಿಗೆ ಅದಕ್ಕಿಂತ ಹಿತವಾದ ಮಾತು ಇನ್ನೇನಿದೆ. ಬೇರಿಂಗ್ ಮಾವ ಕೀಲಿಗೆ ಕೈ ಚಾಚುತ್ತಾರೆ. ತಾನಾಗಿ ಇದನ್ನು ರಸ್ತೆಗೆ ಬಿಡುವುದಿಲ್ಲ, ಬೇಕಾದರೆ ಚಕ್ರದ ಮುಂದೆ ಮಲಗುತ್ತೇನೆ ಎಂದು ಅವರು ಹೇಳುವಾಗ ದನಿಯಲ್ಲಿ ಸಿಟ್ಟಿದೆ, ಸಿಟ್ಟು ಯಾರ ಮೇಲೆ ಎಂದು ಎಲ್ಲರಿಗೂ ಗೊತ್ತು.

ರಗ್ಗಿನ ಮೇಲೆ ಬಿದ್ದಿರುವ ಹಳೆಯ ಬೇರಿಂಗನ್ನು ಬೆಳಕಿಗೆ ಹಿಡಿದು ಒರೆಸುತ್ತಾರೆ. ಗೋಲಿಗಳು ಕನ್ನಡಿಯಂತೆ ಹೊಳೆಯುತ್ತವೆ. ಒಂದು ಗೀರಿಲ್ಲ, ಒಂದು ಗುಳಿಯಿಲ್ಲ. ಇನ್ನೂ ಹತ್ತು ವರ್ಷ ಬಾಳುತ್ತಿದ್ದ ಮಾಲು. ಒಮ್ಮೆ ಹೀಗೆ ದೂಡಿ ತೆಗೆದದ್ದನ್ನು ಮತ್ತೆ ಹಾಕಲೂ ಆಗದು. ಚೆನ್ನಾಗಿದ್ದುದನ್ನು ಕಿತ್ತುಹಾಕಿ, ಕೆಟ್ಟದ್ದನ್ನು ಬಿಟ್ಟಿದ್ದೇನೆ ಎಂದು ಅವರು ನರ್ಸಿನ ಎದುರೇ ಒಪ್ಪಿಕೊಳ್ಳುತ್ತಾರೆ.

ನರ್ಸು ನೋಡುತ್ತಿರುವುದು ಬೇರಿಂಗನ್ನಲ್ಲ, ಅದನ್ನು ಹಿಡಿದ ಬೆರಳುಗಳನ್ನು. ಗ್ರೀಸಿನ ನಡುವೆಯೂ ತುದಿಗಳು ಸುಣ್ಣದ ಹಾಗೆ ಬಿಳಿಚಿವೆ. ಕೈ ಕೊಡಿ ಎಂದು ಪಡೆದು, ಒರೆಸಿ, ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಾರೆ. ತಾನು ಯಾವ ಬೆರಳು ಮುಟ್ಟುತ್ತೇನೋ ಅದನ್ನು ಹೇಳಬೇಕು. ಬೇರಿಂಗ್ ಮಾವ ಶಾಲೆಯ ಹುಡುಗನಂತೆ ಕಣ್ಣು ಮುಚ್ಚುತ್ತಾರೆ. ನರ್ಸು ತೋರುಬೆರಳ ತುದಿ ಮುಟ್ಟುತ್ತಾರೆ, ನಡುಬೆರಳು, ಮತ್ತೆ ತೋರುಬೆರಳು.

“ಸರಿ, ಮುಟ್ಟಿ,” ಎನ್ನುತ್ತಾರೆ ಬೇರಿಂಗ್ ಮಾವ. “ಕಾಯ್ತಾ ಇದ್ದೀನಿ.”

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಬೇರಿಂಗ್ ಮಾವ ಕಣ್ಣು ತೆರೆದು ನೋಡಿದಾಗ ನರ್ಸಿನ ಬೆರಳು ಅವರ ಬೆರಳಿನ ಮೇಲೆಯೇ ಇದೆ.

ಇದು ನಡುಗುವ ಗಾಳಿಗನ್ನುಗಳನ್ನು ವರ್ಷಗಟ್ಟಲೆ ಹಿಡಿದವರಿಗೆ ಬರುವ ಕಾಯಿಲೆ, ಚಳಿಯಲ್ಲಿ ಹೆಚ್ಚುತ್ತದೆ, ಒಮ್ಮೆ ಹೋದ ಸ್ಪರ್ಶ ಬಹುಮಟ್ಟಿಗೆ ತಿರುಗಿ ಬರುವುದಿಲ್ಲ ಎಂದು ನರ್ಸು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬೆಳಗಿನ ಚಳಿಯಲ್ಲಿ ಈ ಕೆಲಸ ಮಾಡಲೇಬಾರದು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರು ಬೆಳಗಿನ ಜಾವ ಹಿಡಿದದ್ದೇ ಬೀದಿ ಖಾಲಿಯಿರುತ್ತದೆ, ತಂಗಿಗೆ ಸದ್ದು ಚೆನ್ನಾಗಿ ಕೇಳುತ್ತದೆ ಎಂದು. ಆಕೆಯ ಕಿವಿಗೆ ಒಳ್ಳೆಯದಾದ ಹೊತ್ತು ಇವರ ಬೆರಳನ್ನು ತಿನ್ನುತ್ತಿತ್ತು.

“ನಿಂಗೆ ಗೊತ್ತಿತ್ತಾ ಪುಟ್ಟಿ?”

ಆಕೆ ಹೇಳಿದ್ದು ಇಷ್ಟು. ಚಳಿಗಾಲ ಶುರುವಾದಾಗಿನಿಂದ ಅಣ್ಣನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಒದ್ದಾಡುವುದನ್ನು ಆಕೆ ಕಿಟಕಿಯಿಂದ ನೋಡಿದ್ದರು. ಒಂದು ಭಾನುವಾರ ಅಣ್ಣನಿಗಿದ್ದ ಏಳೂ ಅಂಗಿಗಳನ್ನು ಒಗೆಯಲು ಒಯ್ದು, ಗುಂಡಿ ಕಿತ್ತು, ಒತ್ತಿದರೆ ಕೂಡುವ ಪ್ರೆಸ್ ಬಟನ್ ಹಾಕಿ, ಮೇಲೆ ಸುಳ್ಳುಗುಂಡಿ ಹೊಲಿದು ತಂದಿಟ್ಟರು. ಬೆರಳು ಚುರುಕಾಯಿತು ಎಂದು ಅಣ್ಣ ಆ ವಾರ ಖುಷಿಯಲ್ಲಿದ್ದರಂತೆ. ಆ ಖುಷಿ ಕೆಡಿಸಲು ಆಕೆಗೆ ಬಾಯಿ ಬರಲಿಲ್ಲ.

ಬೇರಿಂಗ್ ಮಾವ ತಮ್ಮ ಅಂಗಿಯ ಎದೆಯನ್ನು ಬಗ್ಗಿ ನೋಡಿಕೊಳ್ಳುತ್ತಾರೆ. ಬೈಯುವುದಿಲ್ಲ. ಗಾಡಿಯನ್ನು ಮತ್ತೆ ಜಾಕಿನ ಮೇಲೆ ಏರಿಸಿ ರಗ್ಗನ್ನು ಬಲಗಡೆಗೆ ಎಳೆಯುತ್ತಾರೆ, ತಂಗಿಗೆ ಬಂದು ಕೂರಲು ಸನ್ನೆ ಮಾಡುತ್ತಾರೆ. ಆಕೆಯ ಬೆರಳುಗಳನ್ನು ತಾವೇ ಹಿಡಿದು ಸ್ಪ್ರಿಂಗಿನ ಮೇಲೆ ಇಟ್ಟು, ಚಕ್ರ ತಿರುಗಿಸುತ್ತಾರೆ. ಮೂವತ್ತೈದು ವರ್ಷ ಕತ್ತಲಲ್ಲೂ ನೂಲು ಪೋಣಿಸಿದ ಬೆರಳುಗಳು ಅವು. ಆಕೆ ಉಸಿರು ಹಿಡಿಯುತ್ತಾರೆ.

“ಒರಟು ಬಟ್ಟೆ ಮೇಲೆ ಉಗುರು ಎಳೆದ ಹಾಗಿದೆ ಅಣ್ಣ.”

“ಎಡಗಡೆದು?”

ತಂಗಿ ಎದ್ದು ಹೋಗಿ ಆ ಚಕ್ರ ತಿರುಗಿಸಿ ಮುಟ್ಟಿ ನೋಡಿ ಬರುತ್ತಾರೆ. “ರೇಷ್ಮೆ.”

ಅವರು ಯಾವಾಗಲೂ ಜೋಡಿ ಬೇರಿಂಗ್ ತರುವುದರಿಂದ ಎರಡನೆಯದು ಟ್ರಾಲಿಯಲ್ಲೇ ಇದೆ. ಬಲಗಡೆಯ ಹಳೆಯದು ಹೊರಬಂದಾಗ ಅದರ ಗೋಲಿಗಳು ಸಿಡುಬು ಬಂದ ಮುಖದಂತೆ ಕುಳಿ ಬಿದ್ದಿವೆ, ಗ್ರೀಸು ಸುಟ್ಟು ಕಪ್ಪಾಗಿದೆ. ನರ್ಸು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮುಂದಿನ ತಿಂಗಳು ನೋಡೋಣ ಎಂದವರು ಅವರೇ.

ಹತ್ತು ಗಂಟೆ ದಾಟಿದೆ. ಬೀದಿಯಲ್ಲಿ ಗಾಡಿಗಳು ಶುರುವಾಗಿರುವುದರಿಂದ ಸದ್ದು ಕೇಳುವುದು ಕಷ್ಟ. ಕೆರೆದಂಡೆಯ ಹಿಂದಿನ ಖಾಲಿ ದಾರಿ ಹುಡುಕಿಕೊಂಡು ಮೂರು ಸುತ್ತು ಹೋಗುತ್ತಾರೆ. ಈ ಸಲ ತಂಗಿ ಗಾಡಿ ನಿಲ್ಲುವ ಮೊದಲೇ ಬಾಗಿಲಿಗೆ ಕೈ ಹಾಕುತ್ತಾರೆ. ಸದ್ದು ಹೋಗಿದೆ ಎಂದು ಆಕೆ ನರ್ಸಿಗೆ ಹೇಳಿ, ಕೀಲಿ ಕೊಡುತ್ತಾರೆ.

ಬೇರಿಂಗ್ ಮಾವ ಸಾಮಾನು ಒರೆಸಿ ಟ್ರಾಲಿಗೆ ತುಂಬುತ್ತಾರೆ. ಇನ್ನು ಮೇಲೆ ಏನು? ಮುಟ್ಟುವುದು, ಕೇಳುವುದು ಎರಡೂ ತಂಗಿಯದಾದರೆ ತನ್ನದೆಂದು ಉಳಿದದ್ದು ತೋಳಿನ ಶಕ್ತಿಯೊಂದೇ ಎಂದು ಲೆಕ್ಕ ಹಾಕುತ್ತಾರೆ. ಅದು ಕತ್ತೆಗೂ ಇರುತ್ತದೆ ಎಂದು ತಾವೇ ನಗುತ್ತಾರೆ, ಜೊತೆಗೆ ಯಾರೂ ನಗುವುದಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ.

“ಕಿವಿ ಹೋದದ್ದು ನಂಗೆ ಗೊತ್ತಾಗ್ಲಿಲ್ಲ. ಬೆರಳು ಹೋದದ್ದೂ ಗೊತ್ತಾಗ್ಲಿಲ್ಲ. ತೋಳು ಹೋಗೋದೂ ಗೊತ್ತಾಗಲ್ಲ. ನಟ್ಟು ಸಡಿಲ ಉಳಿದ್ರೂ ಬಿಗಿಯಾಗಿದೆ ಅಂತಾನೇ ಅನ್ಸುತ್ತೆ. ಆ ದಿನ ಇವಳು ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು, ಸಾಕು ಅಂತ. ಅಣ್ಣ ನೊಂದ್ಕೊಳ್ತಾನೆ ಅಂತ ಮುಚ್ಚಿಡಬಾರ್ದು. ಅಷ್ಟೇ.”

ಟ್ರಾಲಿಯ ಹಗ್ಗ ಕಟ್ಟುತ್ತಿದ್ದ ತಂಗಿ, ಹೇಳ್ತೀನಿ ಅಣ್ಣ ಎನ್ನುತ್ತಾರೆ. ಆಕೆ ನಿಂತಿರುವುದು ಅವರ ಬಲಗಡೆಗೆ, ಅವರಿಗೆ ಕೇಳಿಸುವುದಿಲ್ಲ. ಉತ್ತರ ಬರಲಿಲ್ಲವೆಂದು ಅವರ ಮುಖ ಬಾಡುತ್ತದೆ. ತಂಗಿ ಹಗ್ಗ ಬಿಟ್ಟು, ಸ್ಕೂಟರನ್ನು ಸುತ್ತಿಕೊಂಡು ಬಂದು, ಅಣ್ಣನ ಎದುರು ನಿಂತು, ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳುತ್ತಾರೆ.