ತಣ್ಣಗಿರಬೇಕಾದ ಅಡಾಪ್ಟರ್

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಆ ಅಂಗಡಿಯಲ್ಲಿ ಎಲ್ಲರೂ ಆಕೆಗೆ ಇಟ್ಟ ಹೆಸರು ವೈಂಡಿಂಗ್ ಅಕ್ಕ. ಇಪ್ಪತ್ತೆರಡು ವರ್ಷದ ಕಸುಬು. ಕಲಿಯಲು ಬಂದವರಿಗೆ ಆಕೆ ಮೊದಲು ಹೇಳುವ ಮಾತು ಒಂದೇ: "ಒದ್ದೆ ಕೈಲಿ ಬಂದ್ರೆ ಬಾಗಿಲಲ್ಲೇ ನಿಂತ್ಕೊಳ್ಳಿ." ಒರೆಸಿಕೊಂಡರೂ ಬಿಡುವುದಿಲ್ಲ, ಒಬ್ಬೊಬ್ಬರ ಅಂಗೈಯನ್ನೂ ಮುಟ್ಟಿ ನೋಡುತ್ತಾಳೆ. ಹಿಂದಿನಿಂದ ನಗುವವರಿದ್ದಾರೆ. ನಗಲಿ. ಅವರ ತಂಗಿಗೆ ಕರೆಂಟ್ ಹೊಡೆದಿಲ್ಲ.

ಆಗ ಆಕೆಗೆ ಹನ್ನೊಂದು, ತಂಗಿಗೆ ಎಂಟು. ಮನೆಗೆ ಯಾರೋ ಆಡಿ ಬಿಟ್ಟ ವಿಡಿಯೋ ಗೇಮ್ ಡಬ್ಬಿಯೊಂದು ಬಂದಿತ್ತು. ಹಳದಿ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ತುರುಕಿದರೆ ಟೀವಿಯಲ್ಲಿ ಟ್ಯಾಂಕುಗಳು ಓಡಾಡುತ್ತಿದ್ದವು. ಅಕ್ಕ ಕೋಟೆ ಕಾಯುವವಳು, ತಂಗಿ ನುಗ್ಗುವವಳು. ಅಷ್ಟು ಸುಖ ಆಮೇಲೆ ಬದುಕಿನಲ್ಲಿ ಬಹಳ ಸಲ ಸಿಕ್ಕಿಲ್ಲ. ಆದರೆ ಶಾಲೆಯಿರುವ ದಿನ ಆಟ ಕೂಡದು. ಕೆಲಸದಿಂದ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಡಬ್ಬಿಗೆ ಕರೆಂಟ್ ಕೊಡುವ, ಆಡಿದರೆ ಬಿಸಿಯಾಗುವ ಅಡಾಪ್ಟರನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಬೆಚ್ಚಗಿದ್ದರೆ ಅದೇ ಅಂಗೈ ಬೆನ್ನಿಗೆ. ಅಪ್ಪ ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ: ಅರ್ಧ ಗಂಟೆ ಮುಂಚೆ ಆಟ ಮುಗಿಸಿ, ಅಡಾಪ್ಟರಿಗೆ ಒದ್ದೆ ಕರವಸ್ತ್ರ ಸುತ್ತಿ ತಣ್ಣಗೆ ಮಾಡುತ್ತಿದ್ದರು.

ಆ ಸಂಜೆ ಹಿಂದೆಂದೂ ಕಾಣದ ಹಂತ ತಲುಪಿದ್ದರು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೆಳಗೆ ಸ್ಕೂಟರಿನ ಸದ್ದು. ಅಕ್ಕ ಅಡಾಪ್ಟರ್ ಕಿತ್ತವಳೇ ಓಡಿ ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿಬಿಟ್ಟಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸ್ಕೂಟರ್ ಪಕ್ಕದ ಮನೆಯವರದು.

"ಅಪ್ಪ ಅಲ್ಲ ಕಣೇ. ಇನ್ನೊಂದೇ ಆಟ," ಎಂದ ತಂಗಿ, ಅಕ್ಕ ಬೇಡ ಎನ್ನುವಷ್ಟರಲ್ಲಿ ಅಡಾಪ್ಟರನ್ನು ಬಕೆಟ್ಟಿನಿಂದ ಎತ್ತಿ ಲಂಗಕ್ಕೆ ಒರೆಸಿ ಗೋಡೆಗೆ ಚುಚ್ಚಿದಳು. ಸ್ವಿಚ್ ಹಾಕಿಯೇ ಇತ್ತು.

ಚಟ್ ಎಂದಿತು. ತಂಗಿ ಮಂಚದ ಕಾಲಿನ ಬಳಿ ಬಿದ್ದಿದ್ದಳು. ಕಣ್ಣು ತೆರೆದೇ ಇದ್ದವು, ಕರೆದರೆ ಓಗೊಡಲಿಲ್ಲ. ಮುಟ್ಟಲು ಹೆದರಿಕೆ, ಮುಟ್ಟದಿರಲೂ ಹೆದರಿಕೆ. ಹೊಲಿಗೆ ಕೆಲಸಕ್ಕೆ ಹೋದ ಅಮ್ಮ ಬಂದಿರಲಿಲ್ಲ. ಪಕ್ಕದವರನ್ನು ಕರೆಯಲು ಬಾಗಿಲವರೆಗೆ ಹೋದವಳು ತಂಗಿಯನ್ನು ಬಿಟ್ಟು ಹೋಗಲಾರದೆ ಮರಳಿದಳು. ಅವಳ ಪಕ್ಕದಲ್ಲೇ ನಿಂತು, ಹುಟ್ಟಿದ ಮೇಲೆ ಮೊದಲ ಸಲ, ಅಪ್ಪ ಬೇಗ ಬರಲಿ ಎಂದು ಬೇಡಿಕೊಂಡಳು.

ಬಂದರು. ಮೇನ್ ಸ್ವಿಚ್ ಆರಿಸಿ, ತಂಗಿಯ ಅಂಗಾಲು ತಿಕ್ಕಿ ತಿಕ್ಕಿ ಹೆಸರು ಹಿಡಿದು ಕರೆದರು. ಕೊನೆಗೆ ಅವಳು ಕೆಮ್ಮಿ ಅತ್ತಳು. ಎರಡು ಬೆರಳ ತುದಿ ಕಪ್ಪಾಗಿದ್ದವು, ಅಷ್ಟೇ.

ಆಮೇಲೆ ಅಪ್ಪ ಅಡಾಪ್ಟರ್ ಎತ್ತಿಕೊಂಡರು. ನೀರು ತೊಟ್ಟಿಕ್ಕಿತು.

"ಇದನ್ಯಾಕೆ ನೀರಿಗೆ ಹಾಕಿದೆ?"

"ತಣ್ಣಗಿರ್ಲಿ ಅಂತ."

"ಯಾಕೆ?"

"ನೀವು ಮುಟ್ಟಿ ನೋಡ್ತೀರಲ್ಲ."

ಅಪ್ಪ ಹೊಡೆಯಲಿಲ್ಲ. ಬಲಗೈಯನ್ನು ಕಂಕುಳಲ್ಲಿ ಅದುಮಿಕೊಂಡು ನೆಲದ ಮೇಲೆ ಕುಳಿತರು. ದೊಡ್ಡವರೂ ಹೆದರುತ್ತಾರೆ ಎಂದು ಆಕೆಗೆ ತಿಳಿದದ್ದು ಆಗಲೇ. ಅದು ಉಳಿದೆಲ್ಲಕ್ಕಿಂತ ಹೆಚ್ಚು ಹೆದರಿಸಿತು.

ತಿಂಗಳಾದ ಮೇಲೆ ಹೊಸ ಅಡಾಪ್ಟರ್ ತಂದವರು ಅಪ್ಪನೇ. ಅಂದಿನಿಂದ ಅವರು ಬೀದಿಯ ತಿರುವಿನಲ್ಲೇ ಉದ್ದಕ್ಕೆ ಹಾರ್ನ್ ಹೊಡೆದು, ಸ್ಕೂಟರ್ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು ಮನೆಗೆ ಬರುತ್ತಿದ್ದರು. ಅಡಾಪ್ಟರನ್ನು ಮತ್ತೆಂದೂ ಮುಟ್ಟಲಿಲ್ಲ.

ಈಗ ವೈಂಡಿಂಗ್ ಅಕ್ಕನಿಗೂ ಇಬ್ಬರು ಮಕ್ಕಳು. ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಆಕೆ ಎರಡು ಸಲ ಜೋರಾಗಿ ಕೆಮ್ಮುತ್ತಾಳೆ, ನೂರು ಎಣಿಸಿ ಹತ್ತುತ್ತಾಳೆ.

"ಆ ಕೆಮ್ಮಿಗೆ ಔಷಧಿ ತಗೋಮ್ಮ," ಎನ್ನುತ್ತಾರೆ ಮಕ್ಕಳು.